ಒಣಬಾವಿಯ ತಳದಿಂದ ಭೂಮಿಯ ಒಳಗನ್ನು ಕೇಳಿದ್ದು

ಮೊದಲ ಎರಡು ಏಟು ಲೆಕ್ಕಕ್ಕಿಲ್ಲ. ಕಬ್ಬಿಣದ ಪ್ಲೇಟು ಮಣ್ಣಿನಲ್ಲಿ ಗಟ್ಟಿಯಾಗಿ ಕೂರಲು ಅಷ್ಟು ಬೇಕು. ಮೂರನೇ ಏಟಿನಿಂದ ಯಂತ್ರ ಬರೆದುಕೊಳ್ಳಲು ಶುರು ಮಾಡುತ್ತದೆ. ಎಂಟು ಕೆಜಿ ಸುತ್ತಿಗೆ, ಅದರ ಹಿಡಿಗೆ ಟೇಪು ಸುತ್ತಿ ಕಟ್ಟಿದ ಸ್ವಿಚ್ಚು, ನೆಲಕ್ಕೆ ಸಾಲಾಗಿ ಚುಚ್ಚಿದ ಹನ್ನೆರಡು ಜಿಯೋಫೋನು, ಅವನ್ನೆಲ್ಲ ಜೋಡಿಸುವ ಕಿತ್ತಳೆ ಬಣ್ಣದ ಕೇಬಲ್ಲು, ಒಂದು ಲ್ಯಾಪ್‌ಟಾಪು. ಇಷ್ಟು ಹಿಡಿದುಕೊಂಡು ಚಿತ್ರದುರ್ಗ, ದಾವಣಗೆರೆ ಜಿಲ್ಲೆಯ ಹೊಲಗಳಲ್ಲಿ ಹದಿನಾಲ್ಕು ವರ್ಷದಿಂದ ಓಡಾಡುತ್ತಿದ್ದೇನೆ. ಕೃಷಿ ಹೊಂಡ ತೋಡುವ ಮೊದಲು, ಗೋದಾಮಿಗೆ ಪಾಯ ತೆಗೆಯುವ ಮೊದಲು, ಗಟ್ಟಿ ಕಲ್ಲು ಎಷ್ಟು ಅಡಿಗೆ ಸಿಗುತ್ತದೆ, ಅಲ್ಲಿಯವರೆಗೆ ಜೆಸಿಬಿ ಸಾಕೋ ಬ್ರೇಕರ್ ಬೇಕೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಬೋರ್‌ವೆಲ್ ಪಾಯಿಂಟ್ ಹಾಕುವವರು ಬೇರೆ, ಅವರ ಯಂತ್ರವೂ ಬೇರೆ. ನಮ್ಮದು ಪೂರ್ತಿ ಕಿವಿಗೊಟ್ಟು ಕೇಳುವ ಕೆಲಸ.

ಜಿಯೋಫೋನ್ ಅಂದರೆ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಡಬ್ಬಿ, ಕೆಳಗೊಂದು ಮೊಳೆ. ಒಳಗೆ ಅಯಸ್ಕಾಂತ ಡಬ್ಬಿಗೆ ಅಂಟಿಕೊಂಡಿರುತ್ತದೆ, ತಂತಿಯ ಸುರುಳಿ ಮಾತ್ರ ಸ್ಪ್ರಿಂಗಿನಲ್ಲಿ ತೂಗುತ್ತಿರುತ್ತದೆ. ನೆಲ ಅಲುಗಿದರೆ ಅಯಸ್ಕಾಂತ ನೆಲದ ಜೊತೆಗೇ ಹೋಗುತ್ತದೆ, ಸುರುಳಿ ಇದ್ದಲ್ಲೇ ಇರಲು ನೋಡುತ್ತದೆ. ಈ ಎಳೆದಾಟದಲ್ಲಿ ಹುಟ್ಟುವ ಚೂರೇ ಚೂರು ವಿದ್ಯುತ್ತನ್ನು ನಾವು ಓದುತ್ತೇವೆ.

ಹೊಸದುರ್ಗ ಕಡೆಯ ಒಂದು ಕೆಮ್ಮಣ್ಣಿನ ಹೊಲದ ಲೆಕ್ಕ ಹೇಳುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಾಲ್ಕು ಮೀಟರಿಗೆ ಒಂದರಂತೆ ಹನ್ನೆರಡು ಜಿಯೋಫೋನು ಇಟ್ಟಿದ್ದೆವು, ಒಟ್ಟು 48 ಮೀಟರ್. ಸುತ್ತಿಗೆ ಬಿದ್ದ ಸದ್ದು ಮೊದಲನೆಯದಕ್ಕೆ ಸುಮಾರು 6.7 ಮಿಲಿಸೆಕೆಂಡಿಗೆ ತಲುಪಿತು, ಎರಡನೆಯದಕ್ಕೆ ಇನ್ನೊಂದು 6.7, ಮೂರನೆಯದಕ್ಕೆ ಮತ್ತೊಂದು 6.7. ಆರನೆಯದರವರೆಗೆ ಇದೇ ಲಯ. ನಾಲ್ಕು ಮೀಟರಿಗೆ 6.7 ಮಿಲಿಸೆಕೆಂಡು ಅಂದರೆ ಸೆಕೆಂಡಿಗೆ 600 ಮೀಟರ್, ಅದು ಸಡಿಲ ಗರಸು ಮಣ್ಣಿನ ವೇಗ. ಆರನೆಯದನ್ನು ದಾಟಿದ್ದೇ ತಡ, ಲಯ ಬದಲಾಯಿತು. ಏಳನೆಯದಕ್ಕೆ ಬರೀ 0.8 ಮಿಲಿಸೆಕೆಂಡು ಹೆಚ್ಚು, ಎಂಟನೆಯದಕ್ಕೂ ಅಷ್ಟೇ, ಕೊನೆಯವರೆಗೂ ಅಷ್ಟೇ. ಸೆಕೆಂಡಿಗೆ 5000 ಮೀಟರ್. ಇದು ಗಟ್ಟಿ ಬಂಡೆಯ ವೇಗ, ಮಣ್ಣಿಗೆ ಎಲ್ಲಿಂದ ಬರಬೇಕು?

ಸದ್ದು ಎಲ್ಲಾ ದಿಕ್ಕಿಗೂ ಹೋಗುತ್ತದೆ. ಒಂದು ಪಾಲು ಮೇಲ್ಮಣ್ಣಿನಲ್ಲೇ ನೇರವಾಗಿ ನಡೆಯುತ್ತದೆ. ಇನ್ನೊಂದು ಪಾಲು ಕೆಳಗಿಳಿದು, ಬಂಡೆಯ ತಲೆ ಮುಟ್ಟಿ, ಅದರುದ್ದಕ್ಕೂ ಓಡಿ, ಮತ್ತೆ ಮೇಲೆ ಬರುತ್ತದೆ. ದಾರಿ ಸುತ್ತು, ಆದರೆ ರಸ್ತೆ ಚೆನ್ನಾಗಿದೆ. ಹಿರಿಯೂರಿನ ಒಳಗಿನ ಹಳ್ಳಿಯಿಂದ ದಾವಣಗೆರೆಗೆ ಹೋಗುವವರು ಊರೂರಿನ ದಾರಿ ಹಿಡಿಯುವುದಿಲ್ಲ. ಒಂದಷ್ಟು ಹಿಂದಕ್ಕೆ ಹೋಗಿಯಾದರೂ ಹೈವೇ ಹತ್ತುತ್ತಾರೆ. ಪಕ್ಕದ ಊರಿಗಾದರೆ ಹೈವೇ ನಷ್ಟ, ದೂರಕ್ಕಾದರೆ ಲಾಭ. ಯಾವ ದೂರದಲ್ಲಿ ಹೈವೇ ಲಾಭವಾಗಲು ಶುರುವಾಗುತ್ತದೋ, ಅದರಿಂದ ಹೈವೇ ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಬಹುದು. ಈ ಹೊಲದಲ್ಲಿ ಲಯ ಮುರಿದದ್ದು 24 ಮೀಟರಿಗೆ. ಎರಡೂ ವೇಗ ಗೊತ್ತಿದೆ. ಕೂಡಿ ಕಳೆದು ವರ್ಗಮೂಲ ತೆಗೆದರೆ ಬಂಡೆಯ ಆಳ ಹತ್ತೂವರೆ ಮೀಟರ್ ಚಿಲ್ಲರೆ, ಅಂದರೆ ಮೂವತ್ತೈದು ಅಡಿ. ತೋಡಿದಾಗ ಮೂವತ್ತನಾಲ್ಕಕ್ಕೆ ಸಿಕ್ಕಿತು.

ಇದೇ ಮುರಿತವನ್ನು ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ ಕೂತು ಆಂದ್ರಿಯಾ ಮೊಹೊರೊವಿಚಿಚ್ ಕಂಡದ್ದು 1909ರ ಅಕ್ಟೋಬರ್ 8ರ ಭೂಕಂಪದಲ್ಲಿ. ಅಲ್ಲಿ ಸುತ್ತಿಗೆಯ ಜಾಗದಲ್ಲಿ ಭೂಕಂಪ, ಜಿಯೋಫೋನಿನ ಜಾಗದಲ್ಲಿ ಯುರೋಪಿನ ಬೇರೆ ಬೇರೆ ಊರುಗಳ ವೀಕ್ಷಣಾಲಯಗಳು. ಸುಮಾರು ಇನ್ನೂರು ಕಿಲೋಮೀಟರ್ ಆಚೆ ಮೊದಲು ಬರುವ ಅಲೆ ಬೇರೆಯಾಗಿತ್ತು, ಆಳದ ವೇಗದ ರಸ್ತೆಯಿಂದ ಬಂದದ್ದಾಗಿತ್ತು. ಅವರು ಹಾಕಿದ ಲೆಕ್ಕದಲ್ಲಿ ಆಳ 54 ಕಿಲೋಮೀಟರ್. ಭೂಕವಚ ಮುಗಿದು ಅದರ ಕೆಳಗಿನ ದಪ್ಪ ಶಿಲಾಪದರ, ಅಂದರೆ ಮ್ಯಾಂಟಲ್, ಶುರುವಾಗುವ ಆ ಗಡಿಗೆ ಈಗಲೂ ಮೊಹೊ ಎಂದೇ ಹೆಸರು. ನಾನು ಇದನ್ನು ಮೊದಲು ಓದಿದ್ದು ಪದವಿ ತರಗತಿಯಲ್ಲಿ, ಬಾಯಿಪಾಠಕ್ಕಾಗಿ. ಅರ್ಥವಾದದ್ದು ಹೊಸದುರ್ಗದ ಹೊಲದಲ್ಲಿ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು ಅವು ಕೂಡಿದ ಜಾಗಕ್ಕೆ ಪೆನ್ಸಿಲ್ ಚುಕ್ಕೆ ಇಟ್ಟಾಗ.

ನಮ್ಮ ನೆಲದಡಿಯ ಮೊಹೊವನ್ನೂ ಹೀಗೇ ಅಳೆದಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಸಮುದ್ರದಿಂದ ಸಮುದ್ರಕ್ಕೆ, ಸುಮಾರು 600 ಕಿಲೋಮೀಟರ್ ಉದ್ದದ ಗೆರೆ ಹಾಕಿ ಸಿಡಿಮದ್ದು ಸಿಡಿಸಿ ಕೇಳಿದರು. ದೇಶದಲ್ಲಿ ಆ ಬಗೆಯ ಮೊದಲ ಆಳದ ಸಮೀಕ್ಷೆ ಅದು. ಆಮೇಲೆ ದೂರದ ಭೂಕಂಪಗಳನ್ನೇ ಬಳಸಿಕೊಂಡು ಇನ್ನಷ್ಟು ಅಧ್ಯಯನ ನಡೆಯಿತು. ಚಿತ್ರದುರ್ಗದವರಾದ ನಮಗೆ ಇದರಲ್ಲಿ ವಿಶೇಷ ಇದೆ. ನಮ್ಮೂರಿನ ಹೆಸರಿನಲ್ಲೇ ಕರೆಯುವ ಶಿಲಾಪಟ್ಟಿಯ ಪೂರ್ವದ ಅಂಚು ಧಾರವಾಡ ಭೂಖಂಡ ಎಂದು ಕರೆಯುವ ನಮ್ಮ ಹಳೆಯ ಶಿಲಾನೆಲವನ್ನು ಪೂರ್ವ, ಪಶ್ಚಿಮ ಎಂದು ಎರಡು ಪಾಲು ಮಾಡುತ್ತದೆ. ಪೂರ್ವದ ಕಡೆ ಭೂಕವಚ 35 ಕಿಲೋಮೀಟರಿನ ಆಸುಪಾಸು, ಪಶ್ಚಿಮಕ್ಕೆ ಹೋದಂತೆ ನಲವತ್ತು ದಾಟಿ ಐವತ್ತರವರೆಗೂ ಇಳಿಯುತ್ತದೆ. ಕೋಟೆಯ ಮೇಲೆ ನಿಂತು ಚಳ್ಳಕೆರೆ ಕಡೆಗೊಮ್ಮೆ, ಹೊಳಲ್ಕೆರೆ ಕಡೆಗೊಮ್ಮೆ ತಿರುಗಿದಾಗ ನನಗೆ ಇದೇ ನೆನಪಾಗುತ್ತದೆ. ಕಣ್ಣಿಗೆ ಎರಡೂ ಕಡೆ ಅದೇ ಬಯಲು, ಅದೇ ಗುಡ್ಡ. ಕೆಳಗೆ ಮಾತ್ರ ಎರಡು ಬೇರೆ ಮನೆಗಳ ಪಾಯ.

ಈಗ ನನ್ನಿಂದಾದ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ಚಳ್ಳಕೆರೆ ಕಡೆ ಒಂದು ಎರೆ ಹೊಲ. ಮೂರೂವರೆ ಎಕರೆಯ ರೈತರು, ಕೃಷಿ ಹೊಂಡ ಮಾಡಿಸಬೇಕೆಂದಿದ್ದರು. ಹನ್ನೆರಡು ಅಡಿ ಆಳಕ್ಕೆ ಹೋಗಬಹುದೇ ಅಂತ ಅವರ ಪ್ರಶ್ನೆ. ಎಂದಿನಂತೆ ಸಾಲು ಹಾಕಿದೆ, ಸುತ್ತಿಗೆ ಹೊಡೆದೆ. ಮೇಲೆ 400 ಮೀಟರ್ ವೇಗದ ಎರೆ ಮಣ್ಣು, ನಾಲ್ಕು ಅಡಿ ಕೆಳಗೆ ಏಕ್‌ದಂ 2800. ಅಷ್ಟು ವೇಗದ ಕಲ್ಲನ್ನು ಜೆಸಿಬಿ ಹಲ್ಲು ಎಬ್ಬಿಸುವುದಿಲ್ಲ. ನಾಲ್ಕು ಅಡಿಗೇ ಗಟ್ಟಿ ಬರುತ್ತದೆ, ಕೆಳಗೆ ಹೋಗಬೇಕಾದರೆ ಬ್ರೇಕರ್ ತರಿಸಬೇಕು, ಬಾಡಿಗೆ ಕೈಗೆ ಹತ್ತುವುದಿಲ್ಲ ಎಂದು ಬರೆದುಕೊಟ್ಟೆ. ಅವರು ನಂಬಿದರು. ನಾಲ್ಕೇ ಅಡಿ ಆಳದ ಅಗಲ ಹೊಂಡ ಮಾಡಿಸಿದರು. ತೆಳ್ಳಗೆ ಹರಡಿದ ನೀರು ಬಿಸಿಲಿಗೆ ಎಷ್ಟು ದಿನ ನಿಂತೀತು? ಸಂಕ್ರಾಂತಿಯ ಹೊತ್ತಿಗೆ ತಳ ಬಿರುಕು ಬಿಟ್ಟಿತ್ತು.

ಎರಡು ವರ್ಷದ ನಂತರ ಪಕ್ಕದ ಹೊಲದವರು ಬೇರೆ ಕೆಲಸಕ್ಕೆ ಬ್ರೇಕರ್ ತರಿಸಿದ್ದರು. ಸುಣ್ಣಕಲ್ಲಿನ ಒಂದು ಪದರ, ಮೂರು ಅಡಿ ದಪ್ಪ ಇರಬಹುದು, ಒಡೆದು ಹೋಯಿತು. ಕೆಳಗೆ ಮೆತ್ತನೆಯ ಜೇಡಿ, ಇಪ್ಪತ್ತೈದು ಅಡಿಯವರೆಗೂ. ಆ ರೈತರು ನನಗೆ ಫೋನ್ ಮಾಡಿ ಬೈಯಲಿಲ್ಲ. ಬಂದು ನೋಡಿಕೊಂಡು ಹೋಗಿ ಸಾರ್ ಅಂದರು, ಅಷ್ಟೇ. ಹೋಗಿ ಆ ಗುಂಡಿಯ ಅಂಚಿನಲ್ಲಿ ಕೂತೆ. ಬಿಳಿ ಹಲಗೆಯಂಥ ಪದರ, ಅದರ ಕೆಳಗೆ ಕೈಯಲ್ಲಿ ಚಿವುಟಿದರೆ ಬರುವ ಮಣ್ಣು. ಎರಡು ವರ್ಷ ಅವರ ಮನೆಯವರು ಟ್ಯಾಂಕರ್ ನೀರಿಗೆ ಕೊಟ್ಟ ದುಡ್ಡು ನನ್ನ ಒಂದು ಹಾಳೆಯಿಂದ ಆದದ್ದು.

ಯಂತ್ರ ಸುಳ್ಳು ಹೇಳಿರಲಿಲ್ಲ. ನಮ್ಮ ವಿಧಾನದಲ್ಲೇ ಒಂದು ಕುರುಡು ಇದೆ. ಕೆಳಗಿನ ಪದರ ಮೇಲಿನದಕ್ಕಿಂತ ವೇಗದ್ದಾದರೆ ಅಲೆ ಅದರ ತಲೆಯ ಮೇಲೆ ಓಡಿ ವಾಪಸ್ಸು ಬರುತ್ತದೆ. ಕೆಳಗಿನದು ನಿಧಾನದ್ದಾದರೆ ಅಲೆ ಬಾಗುವುದೇ ಕೆಳಕ್ಕೆ. ಒಳಗೆ ಹೋದದ್ದು ಹೋಗಿಬಿಡುತ್ತದೆ, ಆ ಪದರದಿಂದ ಸುದ್ದಿ ಮೇಲೆ ಬರುವುದಿಲ್ಲ. ಗಟ್ಟಿಯ ಕೆಳಗಿನ ಮೆದುವು ಮೊದಲು ಬಂದ ಅಲೆಗಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಇದು ಇತ್ತು, ನಾನೂ ಓದಿದ್ದೆ. ಆದರೆ ನಮ್ಮ ಕಡೆ ಬಹುತೇಕ ಮಣ್ಣು, ಗರಸು, ಬಂಡೆ ಎಂಬ ಕ್ರಮವೇ ಇರುವುದರಿಂದ ಅದು ನನ್ನನ್ನು ಎಂದೂ ಕಾಡಿರಲಿಲ್ಲ.

ಆ ರಾತ್ರಿ ನಿದ್ದೆ ಬರದೆ ತಲೆಯಲ್ಲಿ ಓಡಿದ್ದು ಇದು: ಭೂಮಿಯ ನಡುವೆ ಇರುವುದೂ ಇಂಥದ್ದೇ ಅಲ್ಲವೇ? ಮ್ಯಾಂಟಲಿನ ತಳದಲ್ಲಿ ಪಿ ಅಲೆಯ, ಅಂದರೆ ಭೂಕಂಪದಿಂದ ಮೊದಲು ಬರುವ ಅಲೆಯ, ವೇಗ ಸೆಕೆಂಡಿಗೆ 13.7 ಕಿಲೋಮೀಟರ್. ಅದರ ಕೆಳಗೆ ಕೇಂದ್ರಗೋಳ ಶುರುವಾದ ಕೂಡಲೇ ಅದು 8ಕ್ಕೆ ಬೀಳುತ್ತದೆ. ಗಟ್ಟಿಯ ಕೆಳಗೆ ನಿಧಾನದ ಪದರ, ನನ್ನ ಸುಣ್ಣಕಲ್ಲಿನ ಕೆಳಗಿನ ಜೇಡಿಯ ಹಾಗೆ. ಹಾಗಾದರೆ 2900 ಕಿಲೋಮೀಟರ್ ಆಳದಲ್ಲಿ ಅದು ಇದೆ ಎಂದು ವಿಜ್ಞಾನಿಗಳಿಗೆ ಹೇಗೆ ತಿಳಿಯಿತು, ಏಳು ಅಡಿ ಕೆಳಗಿನದು ನನಗೆ ಯಾಕೆ ತಿಳಿಯಲಿಲ್ಲ? ಉತ್ತರವನ್ನು ಓದಿ ತಿಳಿಯುವುದಕ್ಕಿಂತ ಕೇಳಿಯೇ ತಿಳಿಯಬೇಕು ಅನ್ನಿಸಿತು.

ನಮ್ಮ ಹಳ್ಳಿಯ ಹೊಲದಲ್ಲಿ ತಾತನ ಕಾಲದ ತೆರೆದ ಬಾವಿ ಇದೆ. ನಲವತ್ತೈದು ಅಡಿ. ಸುತ್ತಮುತ್ತ ಬೋರ್‌ವೆಲ್ ಬಂದ ಮೇಲೆ ಅದರಲ್ಲಿ ನೀರು ಕಂಡವರಿಲ್ಲ. ಮೆಟ್ಟಿಲಿಳಿದು ತಳಕ್ಕೆ ಹೋದರೆ ಬಿಳಿ ಕಪ್ಪು ಪಟ್ಟೆಯ ಬಂಡೆಯೇ ನೆಲ. ಅದಕ್ಕಿಂತ ಒಳ್ಳೆಯ ಜಾಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. 2020ರ ಬೇಸಿಗೆಯಲ್ಲಿ ಬಂಡೆಯನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು, ಒಂದು ಜಿಯೋಫೋನನ್ನು ಪ್ಲಾಸ್ಟರಿನಲ್ಲಿ ಕೂರಿಸಿ, ಮೇಲೆ ಸ್ಟೀಲ್ ಡಬ್ಬಿ ಮಗುಚಿ, ಅದರ ಸುತ್ತ ಥರ್ಮಕೋಲ್ ಇಟ್ಟೆ. ಜಿಯೋಫೋನು ನಿಧಾನದ ತೂಗಾಟವನ್ನು ಸರಿಯಾಗಿ ಕೇಳುವುದಿಲ್ಲ, ಅದಕ್ಕೆ ಒಂದು ವರ್ಧಕ ಸರ್ಕ್ಯೂಟು ಸೇರಿಸಿದೆ. ಮೇಲೆ ಪಂಪ್‌ಹೌಸಿನಲ್ಲಿ ಪುಟ್ಟ ರಾಸ್ಪ್‌ಬೆರ್ರಿ ಪೈ ಕಂಪ್ಯೂಟರು, ಬ್ಯಾಟರಿ, ಸೋಲಾರ್ ಹಲಗೆ.

ಮೊದಲ ತಿಂಗಳುಗಳು ಸದ್ದುಗಳನ್ನು ಗುರುತು ಹಿಡಿಯುವುದರಲ್ಲೇ ಹೋದವು. ಲಾರಿಗಳದ್ದು ಉಬ್ಬಿ ಇಳಿಯುವ ಸದ್ದು. ಗುಡ್ಡದ ಮೇಲಿನ ಗಾಳಿಯಂತ್ರಗಳದ್ದು ಒಂದೇ ಸಮನೆಯ ಗುಂಯ್ ಗೆರೆ. ಆಷಾಢದಲ್ಲಿ ಗಾಳಿ ಎದ್ದರೆ ಆ ಗೆರೆ ದಪ್ಪವಾಗಿ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಕಲ್ಲು ಕ್ವಾರಿಗಳ ಸಿಡಿತ ಮಧ್ಯಾಹ್ನದ ಹೊತ್ತಿಗೆ. ಅದರಲ್ಲಿ ಎರಡು ಹೆಜ್ಜೆ ಕಾಣುತ್ತದೆ, ಮೊದಲು ಪಿ, ಆಮೇಲೆ ಎಸ್. ಪಿ ಅಲೆ ಕಲ್ಲನ್ನು ಹೋಗುವ ದಿಕ್ಕಿನಲ್ಲೇ ಒತ್ತಿ ಬಿಡುತ್ತದೆ. ಎಸ್ ಅಲೆ ಅಡ್ಡಕ್ಕೆ ಅಲುಗಿಸುತ್ತದೆ, ನಡಿಗೆ ನಿಧಾನ. ನಮ್ಮ ಬಂಡೆಯಲ್ಲಿ ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಹತ್ತಿರ ಹತ್ತಿರ ದೂರ ಎಷ್ಟು ಕಿಲೋಮೀಟರ್ ಎಂದು ಬರುತ್ತದೆ. ಮೂರು ಸೆಕೆಂಡಿದ್ದರೆ ಇಪ್ಪತ್ತನಾಲ್ಕು ಕಿಲೋಮೀಟರ್. ಮಿಂಚು ಗುಡುಗಿನ ನಡುವೆ ಎಣಿಸುತ್ತಿದ್ದ ಲೆಕ್ಕವೇ.

ಎಸ್ ಅಲೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅಡ್ಡಕ್ಕೆ ಅಲುಗಿಸಿದರೆ ತಿರುಗಿ ಸೆಟೆದು ನಿಲ್ಲುವ ಗುಣ ಇದ್ದಲ್ಲಿ ಮಾತ್ರ ಅದು ನಡೆಯುತ್ತದೆ. ತಟ್ಟೆಯಲ್ಲಿರುವ ಮುದ್ದೆಯ ತಲೆಯನ್ನು ಬೆರಳಿಂದ ಅಡ್ಡ ತಳ್ಳಿ ನೋಡಿ, ಬುಡವೂ ಎಳೆದುಕೊಳ್ಳುತ್ತದೆ. ಸಾರಿನ ಮೇಲೆ ಹಾಗೇ ಬೆರಳಾಡಿಸಿದರೆ ಮೇಲಿನದು ಜಾರುತ್ತದೆ, ತಳಕ್ಕೆ ಗೊತ್ತೂ ಆಗುವುದಿಲ್ಲ. ದ್ರವದಲ್ಲಿ ಎಸ್ ಅಲೆ ಸಾಗದಿರುವುದಕ್ಕೆ ಕಾರಣ ಇಷ್ಟೇ.

ಗಡಿಯಾರದ ತೊಂದರೆ ಬೇಗ ಮುಗಿಸುತ್ತೇನೆ. ಆ ಪುಟ್ಟ ಕಂಪ್ಯೂಟರಿಗೆ ಸ್ವಂತ ಗಡಿಯಾರ ಇಲ್ಲ, ಇಂಟರ್ನೆಟ್ಟಿನಿಂದ ಸಮಯ ತಗೊಳ್ಳುತ್ತದೆ. ನಮ್ಮ ಹೊಲದಲ್ಲಿ ನೆಟ್‌ವರ್ಕ್ ಬಂದರೆ ಬಂತು. ಮೊದಲ ಆರು ತಿಂಗಳ ದಾಖಲೆಯಲ್ಲಿ ನಲವತ್ತು ಸೆಕೆಂಡಿನವರೆಗೂ ತಪ್ಪಿತ್ತು. ಅಲೆಯ ಕೆಲಸದಲ್ಲಿ ಸಮಯ ತಪ್ಪಾದರೆ ಉಳಿದದ್ದೆಲ್ಲ ತಪ್ಪು. ಒಂದು ಜಿಪಿಎಸ್ ಆಂಟೆನಾ ಹಾಕಿದ ಮೇಲೆ ಸರಿಹೋಯಿತು, ಹಳೆಯ ದಾಖಲೆ ಅಷ್ಟನ್ನೂ ಬದಿಗಿಟ್ಟೆ.

2021ರ ಮಾರ್ಚ್ 5, ಬೆಳಗಿನ ಜಾವ 12 ಗಂಟೆ 58 ನಿಮಿಷ. ನ್ಯೂಜಿಲೆಂಡಿನ ಉತ್ತರಕ್ಕಿರುವ ಕರ್ಮಡೆಕ್ ದ್ವೀಪಗಳ ಬಳಿ 8.1 ತೀವ್ರತೆಯ ಭೂಕಂಪ. ಬೆಳಗ್ಗೆ ಸುದ್ದಿ ನೋಡಿದವನೇ ಹೊಲಕ್ಕೆ ಓಡಿದೆ. ರಾತ್ರಿ ಒಂದು ಗಂಟೆ, ಗಾಳಿ ಇಲ್ಲ, ಲಾರಿ ಕಡಿಮೆ, ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ಇಲ್ಲಿಂದ ಅಲ್ಲಿಗೆ ಭೂಮಿಯ ಬಾಗಿನ ಮೇಲೆ, ನಡುಬಿಂದುವಿನಿಂದ ಕೋನ ಅಳೆದರೆ, 111 ಡಿಗ್ರಿ, ಸುಮಾರು 12,300 ಕಿಲೋಮೀಟರ್. ಪಿ ಅಲೆ ಎಂದಿನ ದಾರಿಯಲ್ಲಿ ಬಂದಿದ್ದರೆ ಹದಿನಾಲ್ಕೂವರೆ ನಿಮಿಷದ ಹೊತ್ತಿಗೆ ಕಾಣಬೇಕಿತ್ತು. ಪರದೆ ಸರಿಸುತ್ತಾ ಹೋದೆ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು. ಗೆರೆ ಚಪ್ಪಟೆ. ಅಷ್ಟು ದೊಡ್ಡ ಭೂಕಂಪ, ಅಷ್ಟು ನಿಶ್ಶಬ್ದದ ಬಾವಿ, ಗೆರೆ ಚಪ್ಪಟೆ.

ಹದಿನೆಂಟೂವರೆ ನಿಮಿಷಕ್ಕೆ, ಅಂದರೆ ನಮ್ಮ 1 ಗಂಟೆ 17ಕ್ಕೆ, ಒಂದು ಚಿಕ್ಕ ಅಲುಗಾಟ. ಅಷ್ಟೇ ಚಿಕ್ಕದು, ಫಿಲ್ಟರ್ ಹಾಕಿದರೆ ಮಾತ್ರ ಕಾಣುವಷ್ಟು.

ಆ ಚಪ್ಪಟೆ ಗೆರೆಯೇ ನೆರಳು. ಪುಸ್ತಕದಲ್ಲಿ ನೆರಳು ವಲಯ ಎಂದು ಓದಿರುತ್ತೇವೆ. ಭೂಕಂಪದಿಂದ 104 ಡಿಗ್ರಿಯಿಂದ 140 ಡಿಗ್ರಿಯವರೆಗೆ ನೇರ ಪಿ ಅಲೆ ತಲುಪದ ಪಟ್ಟಿ. 104 ಡಿಗ್ರಿಗೆ ಬರುವ ಅಲೆ ಕೇಂದ್ರಗೋಳದ ಮೈ ಸವರಿಕೊಂಡು ಬಂದದ್ದು. ಅದಕ್ಕಿಂತ ಚೂರು ಆಳಕ್ಕೆ ಹೋದದ್ದು ಒಳಗೆ ಬಿದ್ದು, ನಿಧಾನದ ಪದರದಲ್ಲಿ ಕೆಳಕ್ಕೆ ಬಾಗಿ, ಎಲ್ಲೋ ದೂರ ಭೂಮಿಯ ಆಚೆ ಬದಿಗೆ ಏಳುತ್ತದೆ. ನಡುವಿನ ಊರುಗಳಿಗೆ ಏನೂ ಇಲ್ಲ. ಎಸ್ ಅಲೆಯಂತೂ 104ರ ಆಚೆ ಎಲ್ಲೂ ನೇರವಾಗಿ ಸಿಗುವುದಿಲ್ಲ, ಯಾಕೆಂದರೆ ಹೊರ ಕೇಂದ್ರಗೋಳ ಕರಗಿದ ಕಬ್ಬಿಣ.

ಆ ದಿನ ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ಅಲೆ ನೇರ ಗೆರೆಯಲ್ಲೇ ಹೋಗುತ್ತದೆ ಅಂದುಕೊಂಡರೆ, 104 ಡಿಗ್ರಿಯ ಗೆರೆ ಭೂಮಿಯ ನಡುಬಿಂದುವಿನಿಂದ ಎಷ್ಟು ದೂರದಲ್ಲಿ ಹಾಯುತ್ತದೆ? ಭೂಮಿಯ 6371 ಕಿಲೋಮೀಟರ್ ತ್ರಿಜ್ಯವನ್ನು 104ರ ಅರ್ಧ, ಅಂದರೆ 52 ಡಿಗ್ರಿಯ ಕೊಸೈನಿನಿಂದ ಗುಣಿಸಿದರೆ 3920. ನಿಜವಾದ ಕೇಂದ್ರಗೋಳದ ತ್ರಿಜ್ಯ 3480. ನಾನೂರು ಚಿಲ್ಲರೆ ಕಿಲೋಮೀಟರಿನ ಈ ವ್ಯತ್ಯಾಸದಲ್ಲೇ ಇನ್ನೊಂದು ಸುದ್ದಿ ಅಡಗಿದೆ. ಆಳಕ್ಕೆ ಹೋದಂತೆ ಮ್ಯಾಂಟಲಿನಲ್ಲಿ ವೇಗ ಹೆಚ್ಚುವುದರಿಂದ ಅಲೆಯ ದಾರಿ ಬಟ್ಟಲಿನ ಹಾಗೆ ಕೆಳಕ್ಕೆ ಬಾಗಿರುತ್ತದೆ, ನೇರ ಗೆರೆಗಿಂತ ಆಳಕ್ಕೆ ಹೋಗಿ ಬರುತ್ತದೆ. ಹೈಸ್ಕೂಲು ಮಕ್ಕಳೂ ಮಾಡಬಹುದಾದ ಲೆಕ್ಕ ಇದು. ಮಾಡಿಸಬೇಕು ಎಂಬುದು ನನ್ನ ಆಸೆ. ಚಿತ್ರದಲ್ಲಿ ಬಣ್ಣ ತುಂಬಿಸಿ ಭಾಗಗಳ ಹೆಸರು ಬರೆಸುವುದರಲ್ಲಿ ಈ ಖುಷಿ ಇಲ್ಲ.

ಈ ಕೇಂದ್ರಗೋಳದ ಮೊದಲ ಗಟ್ಟಿ ಸುಳಿವು ಹಿಡಿದವರಿಗೆ ನಮ್ಮ ದೇಶದ ನಂಟಿದೆ. ರಿಚರ್ಡ್ ಡಿಕ್ಸನ್ ಓಲ್ಡಮ್ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದವರು. 1897ರ ಜೂನ್ 12ರ ಅಸ್ಸಾಂ ಮಹಾಭೂಕಂಪದ ಅಲೆಗಳು ದೂರದ ದೇಶಗಳ ಯಂತ್ರಗಳಲ್ಲಿ ಹೇಗೆ ಬಿದ್ದವೆಂದು ಕೂತು ನೋಡಿ, ಪಿ, ಎಸ್ ಮತ್ತು ಮೇಲ್ಮೈ ಅಲೆ ಎಂದು ಮೂರು ಬೇರೆ ಬೇರೆ ಅಲೆಗಳಿವೆ ಎಂದು ಗುರುತಿಸಿದರು. ತುಂಬಾ ದೂರದ ಊರುಗಳಿಗೆ ಅಲೆ ಲೆಕ್ಕಕ್ಕಿಂತ ತಡವಾಗಿ ತಲುಪುವುದನ್ನು ಹಿಡಿದು 1906ರಲ್ಲಿ, ನಡುವೆ ಅಲೆಯನ್ನು ನಿಧಾನಿಸುವ ಬೇರೆ ವಸ್ತು ಇದೆ ಎಂದರು. ಬೆನೊ ಗುಟೆನ್‌ಬರ್ಗ್ 1914ರ ಹೊತ್ತಿಗೆ ಅದರ ಆಳ 2900 ಕಿಲೋಮೀಟರ್ ಎಂದು ಅಳೆದರು. ಅದು ದ್ರವವೇ ಎಂದು 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ತೋರಿಸಿದರು.

ಇನ್ನು ಆ ಚಿಕ್ಕ ಅಲುಗಾಟ. ನೆರಳಿನಲ್ಲಿ ಏನೂ ಇರಬಾರದು, ಆದರೂ ಏನೋ ಇದೆ. ಡೆನ್ಮಾರ್ಕಿನ ಇಂಗೆ ಲೆಹ್ಮನ್ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ ಇದನ್ನೇ ಕಂಡರು. ಎಲ್ಲರೂ ಸಣ್ಣದೆಂದು ಬಿಟ್ಟ ಅಲೆಗಳನ್ನು ಅವರು ಬಿಡಲಿಲ್ಲ. ದ್ರವ ಗೋಳದ ನಡುವೆ ಇನ್ನೊಂದು ಗೋಳವಿದ್ದು, ಅಲೆ ಅದಕ್ಕೆ ತಾಗಿ ಚದುರಿ ನೆರಳಿನೊಳಗೆ ಬೀಳುತ್ತಿದೆ ಎಂದು 1936ರಲ್ಲಿ ಪ್ರಕಟಿಸಿದರು. ಒಳ ಕೇಂದ್ರಗೋಳ, 1220 ಕಿಲೋಮೀಟರ್ ತ್ರಿಜ್ಯದ ಗಟ್ಟಿ ಗೋಳ, ಹೀಗೆ ಸಿಕ್ಕಿತು. ಅದೇ ಸೀಮೆಯ ಇನ್ನೊಂದು ಭೂಕಂಪದ ಅಂಥದ್ದೇ ಅಲೆ ನಮ್ಮ ತಾತನ ಬಾವಿಯ ತಳಕ್ಕೂ ಬಂದು ಮುಟ್ಟಿತ್ತು. ಒಳಗೋಳದ ಮೈಗೆ ತಾಗಿ ವಾಪಸ್ಸಾಗುವ ಅಲೆಗೆ ಕೋಷ್ಟಕದಲ್ಲಿರುವ ಸಮಯಕ್ಕೂ ನನ್ನ ಗೆರೆಗೂ ಸೆಕೆಂಡುಗಳ ಮಟ್ಟಿಗೆ ಹೊಂದಿಕೆಯಾದಾಗ ಪಂಪ್‌ಹೌಸಿನಲ್ಲಿ ಒಬ್ಬನೇ ಎದ್ದು ನಿಂತೆ. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು ಪೂರ್ತಿ ಹೇಳಿದೆ.

2022ರ ಮಳೆಗಾಲ ಈ ಜಿಲ್ಲೆಯವರು ಯಾರೂ ಮರೆಯುವುದಿಲ್ಲ. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿತ್ತು, ಜನ ಬಸ್ಸು ಮಾಡಿಕೊಂಡು ನೋಡಲು ಹೋದರು. ನಮ್ಮ ಬಾವಿಗೂ ನೀರು ಬಂತು. ಬಂಡೆಯ ಬಿರುಕಿನಿಂದ ಜಿನುಗಲು ಶುರುವಾದದ್ದು ನಾಲ್ಕೇ ದಿನದಲ್ಲಿ ಹದಿನೈದು ಅಡಿ ಏರಿತು. ಡಬ್ಬಿ, ಜಿಯೋಫೋನು, ಕೇಬಲ್ಲು ಎಲ್ಲಾ ತಳದಲ್ಲೇ ಉಳಿದವು. ಅಮ್ಮ ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು ಹೂ ಹಾಕಿದರು. ಮೂವತ್ತು ವರ್ಷದ ಮೇಲೆ ಬಾವಿಯಲ್ಲಿ ನೀರು ಕಂಡಾಗ ಯಂತ್ರ ಹೋಯಿತೆಂದು ದುಃಖಪಡಲು ನನಗೆ ಮನಸ್ಸಾಗಲಿಲ್ಲ. ಹೊಲದ ಮೇಲ್ತುದಿಯಲ್ಲಿ ಬಂಡೆ ಹೊರಗೆ ಕಾಣುವ ಜಾಗದಲ್ಲಿ ಆರು ಅಡಿ ಗುಂಡಿ ಒಡೆಸಿ, ಸಿಮೆಂಟ್ ರಿಂಗು ಇಳಿಸಿ, ಹೊಸ ಜಿಯೋಫೋನು ಕೂರಿಸಿದೆ. ಬಾವಿಯಷ್ಟು ನಿಶ್ಶಬ್ದ ಇಲ್ಲ.

ನೆರಳಿನ ಆಚೆ ಬದಿ ನೋಡಲು 2024ರ ಜುಲೈ 19ರವರೆಗೆ ಕಾಯಬೇಕಾಯಿತು. ಬೆಳಗ್ಗೆ 7 ಗಂಟೆ 20ಕ್ಕೆ ಚಿಲಿ ದೇಶದ ಸಾನ್ ಪೆದ್ರೊ ದೆ ಅಟಕಾಮ ಬಳಿ, ನೆಲದಿಂದ ನೂರು ಕಿಲೋಮೀಟರಿಗಿಂತ ಹೆಚ್ಚು ಆಳದಲ್ಲಿ, 7.4ರ ಭೂಕಂಪ. ಇಲ್ಲಿಂದ 145 ಡಿಗ್ರಿ. ಕರ್ಮಡೆಕ್‌ಗಿಂತ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಹೆಚ್ಚು ದೂರ, ತೀವ್ರತೆಯೂ ಕಡಿಮೆ. ಆಷಾಢದ ಗಾಳಿ ಬೀಸುತ್ತಿತ್ತು, ಗಾಳಿಯಂತ್ರದ ಗೆರೆ ದಪ್ಪವಿತ್ತು. ಆದರೂ 7 ಗಂಟೆ 40ಕ್ಕೆ ಚೂಪಾದ ಒಂದು ಏಟು, ಫಿಲ್ಟರ್ ಇಲ್ಲದೆಯೇ ಕಾಣುವಂಥದ್ದು. ಕೇಂದ್ರಗೋಳವನ್ನು ಹಾಯ್ದು ಬರುವ ಅಲೆಗಳೆಲ್ಲ 145 ಡಿಗ್ರಿಯ ಸುತ್ತ ಬಂದು ಗುಂಪಾಗಿ ಬೀಳುತ್ತವೆ. ಬಿಸಿಲಿನಲ್ಲಿ ನೀರು ತುಂಬಿದ ಗಾಜಿನ ಲೋಟದ ಪಕ್ಕ ನೆರಳೂ ಇರುತ್ತದೆ, ನೆರಳಿನ ಅಂಚಿನಲ್ಲಿ ಕಣ್ಣು ಕುಕ್ಕುವ ಗೆರೆಯೂ ಇರುತ್ತದೆ. ಭೂಮಿಯ ನಡುವಿನ ದ್ರವ ಗೋಳವೂ ಅಂಥದ್ದೇ ಮಸೂರ. ಕರ್ಮಡೆಕ್ ದಿನ ನಾನು ನೆರಳಿನಲ್ಲಿದ್ದೆ, ಚಿಲಿಯ ದಿನ ಆ ಬೆಳಕಿನ ಗೆರೆಯ ಮೇಲೆ.

2025 ಇನ್ನೆರಡು ಕೊಟ್ಟಿತು. ಮಾರ್ಚ್ 28ರ ಮಧ್ಯಾಹ್ನ ಮ್ಯಾನ್ಮಾರಿನದು, 7.7. ಅಲ್ಲಿ ಸತ್ತವರ ಸಂಖ್ಯೆ ಸಾವಿರಗಳಲ್ಲಿ ಏರುತ್ತಾ ಹೋದ ವಾರ ಅದು, ಗೆರೆ ಅಳೆಯುವಾಗ ಕೈ ತಡೆಯುತ್ತಿತ್ತು. 2230 ಕಿಲೋಮೀಟರನ್ನು ಪಿ ಅಲೆ ನಾಲ್ಕೂವರೆ ನಿಮಿಷ ಚಿಲ್ಲರೆಯಲ್ಲಿ ದಾಟಿತ್ತು, ಸೆಕೆಂಡಿಗೆ ಎಂಟು ಕಿಲೋಮೀಟರ್. ನಾಗರಪಂಚಮಿಯ ಮರುದಿನ, ಜುಲೈ 30ರ ಬೆಳಗಿನ ಜಾವ, ರಷ್ಯಾದ ಕಮ್ಚಾಟ್ಕದ 8.8. ಆ ಹೊತ್ತಿಗೆ ನಾನು ಎದ್ದಿದ್ದೆ. 5 ಗಂಟೆ 6 ನಿಮಿಷಕ್ಕೆ ಪರದೆಯ ಮೇಲೆ ಪಿ ಬಂತು, 5 ಗಂಟೆ 16ಕ್ಕೆ ಎಸ್. ಭೂಕಂಪ ಎಲ್ಲಾಯಿತು ಎಂಬ ಸುದ್ದಿ ತೆರೆಯುವ ಮೊದಲೇ ಆ ಹತ್ತು ನಿಮಿಷದ ಅಂತರದಿಂದ ಎಂಟು ಸಾವಿರ ಕಿಲೋಮೀಟರಿನ ಮೇಲಿದೆ ಎಂದು ಕಾಗದದಲ್ಲಿ ಬರೆದುಕೊಂಡಿದ್ದೆ. 8350 ಕಿಲೋಮೀಟರ್ ದೂರಕ್ಕೆ ಪಿ ತೆಗೆದುಕೊಂಡದ್ದು ಹನ್ನೊಂದೂವರೆ ನಿಮಿಷ ಚಿಲ್ಲರೆ, ಸೆಕೆಂಡಿಗೆ ಹನ್ನೆರಡು ಕಿಲೋಮೀಟರಿನ ಲೆಕ್ಕ. ಆ ಅಲೆ ನಡುದಾರಿಯಲ್ಲಿ ಸುಮಾರು 2000 ಕಿಲೋಮೀಟರ್ ಆಳಕ್ಕೆ ಇಳಿದು ಬಂದಿತ್ತು. ಕ್ವಾರಿಯ ಸಿಡಿತಕ್ಕೆ ಆರು, ಮ್ಯಾನ್ಮಾರಿಗೆ ಎಂಟು, ಕಮ್ಚಾಟ್ಕಕ್ಕೆ ಹನ್ನೆರಡು. ಗ್ರಾಫ್ ಹಾಳೆಯ ಮೇಲೆ ಮೂರೂ ಚುಕ್ಕೆ ಇಟ್ಟರೆ ಹೊಸದುರ್ಗದ ಹೊಲದ ಗೆರೆ ಬಾಗಿದ ಹಾಗೇ ಬಾಗುತ್ತದೆ.

ಇಂಥ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡುವವರು ನಮಗೆ ದೂರದಲ್ಲೇನಿಲ್ಲ. ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಸಾಲು 1965ರಿಂದ ಕೆಲಸ ಮಾಡುತ್ತಿದೆ. ಬೇರೆ ದೇಶಗಳ ಅಣುಪರೀಕ್ಷೆಯನ್ನು ನೆಲದ ಮೂಲಕ ಕೇಳುವುದು ಅದರ ಮುಖ್ಯ ಕೆಲಸ. ಅವರ ಸಾಲಿನ ಮುಂದೆ ನನ್ನದು ಒಂದು ಕಿವಿ, ಅದೂ ಅರ್ಧ ಮಂದ. ಆದರೆ ನನಗೆ ಬೇಕಾದ ಉತ್ತರಕ್ಕೆ ಅದು ಸಾಕಾಯಿತು.

ಕರ್ಮಡೆಕ್ ಗೆರೆ ನೋಡಿದ ವಾರವೇ ಚಳ್ಳಕೆರೆಯ ಹಳೆಯ ದಾಖಲೆ ತೆರೆದಿದ್ದೆ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಪ್ರತಿ ಜಿಯೋಫೋನಿನ ಗೆರೆಯನ್ನೂ ಒಂದೇ ಎತ್ತರಕ್ಕೆ ಹಿಗ್ಗಿಸಿ ತೋರಿಸುತ್ತದೆ. ದೂರದ ಜಿಯೋಫೋನಿನ ಸಣ್ಣ ಸದ್ದೂ ಚೆನ್ನಾಗಿ ಕಾಣಲಿ, ಮೊದಲು ಬಂದ ಅಲೆಯ ಹೊತ್ತು ಗುರುತಿಸಲು ಸುಲಭವಾಗಲಿ ಎಂದು. ವರ್ಷಗಟ್ಟಲೆ ನಾನು ಆ ಗುಂಡಿ ಒತ್ತಿಯೇ ನೋಡುತ್ತಿದ್ದೆ. ಅದನ್ನು ತೆಗೆದು ನೋಡಿದೆ. ಮೊದಲ ಐದು ಗೆರೆಗಳಲ್ಲಿ 2800ರ ಅಲೆ ಗಟ್ಟಿಯಾಗಿದೆ, ಆರನೆಯದರಲ್ಲಿ ಇಳಿದಿದೆ, ಏಳು ಎಂಟರಲ್ಲಿ ಬಹುತೇಕ ಸತ್ತೇಹೋಗಿದೆ. ಒಂಬತ್ತನೆಯದರಲ್ಲಿ ಬೇರೆಯೇ ಒಂದು ಅಲೆ, ಲೆಕ್ಕಕ್ಕಿಂತ ಆರು ಮಿಲಿಸೆಕೆಂಡು ತಡವಾಗಿ ಎದ್ದಿದೆ, ಅದು ಕೆಳಗಿನ ನಿಜವಾದ ಬಂಡೆಯದು. ಗಟ್ಟಿ ಪದರ ದಪ್ಪಗಿದ್ದಿದ್ದರೆ ಅಲೆ ಅಷ್ಟು ಬೇಗ ಸಾಯುತ್ತಿರಲಿಲ್ಲ. ತೆಳ್ಳಗಿನ ಹಲಗೆಯಾದ್ದರಿಂದ ಅದರ ಶಕ್ತಿ ಕೆಳಗಿನ ಜೇಡಿಗೆ ಸೋರಿಹೋಗಿತ್ತು. ಓಲ್ಡಮ್ ಕಂಡ ತಡವೂ, ಬಾವಿಯ ತಳದಲ್ಲಿ ನಾನು ಕಂಡ ನೆರಳೂ, ಎರಡೂ ಆ ಹಾಳೆಯಲ್ಲಿ ಮೊದಲ ದಿನದಿಂದಲೇ ಇದ್ದವು. ಎಷ್ಟು ಹೊತ್ತಿಗೆ ಬಂತು ಎಂದು ಮಾತ್ರ ನೋಡಿದ್ದೆ, ಎಲ್ಲಿ ಕಳೆದುಹೋಯಿತು ಎಂದು ನೋಡಿರಲಿಲ್ಲ.

ಈಗ ಪ್ರತಿ ಹೊಲದಲ್ಲೂ ಎರಡು ಸಲ ಮುದ್ರಿಸುತ್ತೇನೆ, ಒಂದು ಹಿಗ್ಗಿಸಿ, ಒಂದು ಹಾಗೆಯೇ. ಅನುಮಾನ ಬಂದ ಕಡೆ ಆಗರ್‌ನಿಂದ ಒಂದು ಸಣ್ಣ ತೂತು ಕೊರೆಸಿ ನೋಡದೆ ಬರೆದುಕೊಡುವುದಿಲ್ಲ. ಎರೆ ಹೊಲವಾದರೆ ಕಡ್ಡಾಯ.

ಆ ಎರಡು ಹಾಳೆ ಹಿಡಿದುಕೊಂಡು ಚಳ್ಳಕೆರೆಯ ರೈತರ ಮನೆಗೆ ಹೋದೆ. ಸತ್ತ ಗೆರೆಗಳನ್ನು ಬೆರಳಿಟ್ಟು ತೋರಿಸಿದೆ, ಇದು ನನಗೆ ಅಂದೇ ಕಾಣಬೇಕಿತ್ತು ಅಂದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಬ್ರೇಕರ್ ಬಾಡಿಗೆ ನಾನು ಕೊಡುತ್ತೇನೆ ಎಂದಾಗ ಅರ್ಧ ಸಾಕು ಎಂದರು. ಯುಗಾದಿ ಕಳೆದ ಮೇಲೆ ಹೊಂಡದ ತಳದ ಸುಣ್ಣಕಲ್ಲನ್ನು ಒಡೆಸಿ, ಜೇಡಿ ತೆಗೆಸಿ, ಹದಿನಾಲ್ಕು ಅಡಿಗೆ ಇಳಿಸಿದೆವು. ಮುಂದಿನ ವರ್ಷ ಶಿವರಾತ್ರಿಗೆ ಹೋದಾಗ ಅದರಲ್ಲಿ ಸೊಂಟದ ಮಟ್ಟ ನೀರಿತ್ತು.